ನಷ್ಟ ಬಂದಾಗ ಮೊದಲು ಯಾರ ಜೇಬು?

ಹರಿಹರದ ಓದುಗರೊಬ್ಬರ ಪತ್ರ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಾರೆ. ಅವರು ಬರೆದದ್ದರ ಸಾರ ಇಷ್ಟು: "ಕಾರ್ಖಾನೆಯಲ್ಲಿ ಜನರನ್ನು ತೆಗೆದ ಸುದ್ದಿ ಬಂದಾಗಲೆಲ್ಲ ನಿಮ್ಮ ಪತ್ರಿಕೆ ಸಿಇಒ ಸಂಬಳದ ಮಾತೆತ್ತುತ್ತದೆ. ಸಿಇಒಗೆ ವರ್ಷಕ್ಕೆ 18 ಕೋಟಿ ಅಂದುಕೊಳ್ಳಿ. ಅಷ್ಟನ್ನೂ 6,000 ಕಾರ್ಮಿಕರಿಗೆ ಹಂಚಿದರೆ ತಲೆಗೆ ತಿಂಗಳಿಗೆ 2,500 ರೂಪಾಯಿ. ಇದರಿಂದ ಯಾವ ಕಾರ್ಖಾನೆ ಉಳಿಯುತ್ತದೆ? ರಿಸ್ಕ್ ತೆಗೆದುಕೊಳ್ಳುವವರಿಗೆ ಸಂಬಳ ಜಾಸ್ತಿ ಇರುವುದು ಸಹಜ. ಹೊಟ್ಟೆಕಿಚ್ಚನ್ನು ನ್ಯಾಯ ಅಂತ ಕರೆಯಬೇಡಿ."

ಮೇಷ್ಟ್ರೇ, ನಿಮ್ಮ ಭಾಗಾಕಾರ ಸರಿಯಾಗಿದೆ. ನಾನೂ ಮಾಡಿ ನೋಡಿದೆ. ನಷ್ಟದ ಕಾರ್ಖಾನೆಯನ್ನು ಕಣ್ಣೀರು ಸುರಿಸಿ ನಡೆಸಲಾಗದು ಅನ್ನುವುದನ್ನೂ ಒಪ್ಪುತ್ತೇನೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್ಎಂಟಿ ವಾಚಿನ ಕಂಪನಿ ಮುಚ್ಚಲು ತೀರ್ಮಾನಿಸಿದಾಗ ನಾವೆಲ್ಲ ಎಷ್ಟು ಮರುಗಿದೆವು! ಮರುಗಿದವರ ಕೈಯಲ್ಲಿ ಇದ್ದದ್ದು ಮಾತ್ರ ಬೇರೆ ವಾಚು. ಕಾರ್ಖಾನೆಗಳು ಮುಚ್ಚುತ್ತವೆ. ಕೆಲವು ಮುಚ್ಚಲೇಬೇಕಾಗುತ್ತದೆ.

ಆದರೆ ನೀವು ಸುಮ್ನೆ ಬರೆದುಬಿಟ್ಟ ಆ 'ರಿಸ್ಕ್' ಇದೆಯಲ್ಲ, ಅದನ್ನು ನಾನು ಬಿಡುವವನಲ್ಲ. ಯಾರ ರಿಸ್ಕ್, ಸ್ವಾಮಿ?

ನಿಮ್ಮ ವಿಷಯದ ಪುಸ್ತಕವನ್ನೇ ತೆಗೆಯೋಣ. 2013ರ ಕಂಪನಿ ಕಾಯ್ದೆ, 202ನೇ ಸೆಕ್ಷನ್. ಅವಧಿ ಮುಗಿಯುವ ಮೊದಲೇ ವ್ಯವಸ್ಥಾಪಕ ನಿರ್ದೇಶಕರನ್ನು, ಅಂದರೆ ಎಂ.ಡಿ.ಯನ್ನು ಕಳಿಸಿದರೆ ಕಂಪನಿ ಪರಿಹಾರ ಕೊಡಬಹುದು. ಉಳಿದ ಅವಧಿಯ ಸಂಬಳ ಅಥವಾ ಮೂರು ವರ್ಷದ ಸಂಬಳ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟರವರೆಗೆ. ಆಡಳಿತ ಕೆಡಿಸಿದವರಿಗೆ ಕೊಡುವಂತಿಲ್ಲ ಎಂದೂ ಅಲ್ಲೇ ಬರೆದಿದೆ. ಕೆಡಿಸಿದ್ದು ಅವರೇ ಎಂದು ಹೇಳಬೇಕಾದವರು ಯಾರು? ಅದೇ ಬೋರ್ಡಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು.

ಈಗ ಕಾರ್ಮಿಕನ ಕಡೆ ಬನ್ನಿ. 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿದ್ದು ಒಂದು ತಿಂಗಳ ನೋಟಿಸು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ. ಅದರ ಜಾಗಕ್ಕೆ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಬಂದ ಮೇಲೂ ಹದಿನೈದು ದಿನ ಹದಿನೈದೇ ಆಗಿದೆ. ಲೆಕ್ಕ ಮಾಡಿ ಮೇಷ್ಟ್ರೇ. ವರ್ಷಕ್ಕೆ ಅರ್ಧ ತಿಂಗಳು. ಮೂರು ವರ್ಷದ ಸಂಬಳದಷ್ಟು ಪರಿಹಾರ ಕೈಗೆ ಬರಬೇಕಾದರೆ ಒಬ್ಬ ಫಿಟ್ಟರ್ ಒಂದೇ ಕಾರ್ಖಾನೆಯಲ್ಲಿ 72 ವರ್ಷ ದುಡಿಯಬೇಕು. ಹದಿನೆಂಟಕ್ಕೆ ಸೇರಿದರೆ ತೊಂಬತ್ತಕ್ಕೆ ಸಿಗುತ್ತದೆ.

ಕಾರ್ಮಿಕನಿಗೆ ಹೇಳಿದ್ದು ಕನಿಷ್ಠ, ಎಂ.ಡಿ.ಗೆ ಹೇಳಿದ್ದು ಗರಿಷ್ಠ, ಗ್ರಾಚ್ಯುಟಿ ಬೇರೆ ಇದೆ ಅಂತ ನೀವು ಹೇಳುತ್ತೀರಿ. ಹೌದು, ಇದೆ. ದೊಡ್ಡ ಕಂಪನಿಗಳು ಸ್ವಯಂ ನಿವೃತ್ತಿಯ ವಿಆರ್‌ಎಸ್‌ನಲ್ಲಿ ಜಾಸ್ತಿಯೂ ಕೊಡುತ್ತವೆ. ಸಣ್ಣ ಊರಿನ ಕಾರ್ಖಾನೆಗಳಲ್ಲಿ ಮಾತ್ರ ಕನಿಷ್ಠವೇ ಗರಿಷ್ಠ. ಅದನ್ನು ಕೈಗೆ ಪಡೆಯಲೂ ಕಾರ್ಮಿಕ ಇಲಾಖೆಯ ಮೆಟ್ಟಿಲು ಸವೆಸಬೇಕು.

ನಿಮ್ಮ ಊರಿನ ಯಂತ್ರಾಪುರವನ್ನು ನಾನು ನಿಮಗೆ ತೋರಿಸಬೇಕಾಗಿಲ್ಲ. ಲೇತ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ನಿಂತ ಮೇಲೆ ಆ ಊರು ಏನಾಯಿತೆಂದು ನಿಮ್ಮ ತರಗತಿಯಲ್ಲೇ ಯಾರದೋ ಮೊಮ್ಮಗಳು ಹೇಳಿಯಾಳು. ಐವತ್ತು ದಾಟಿದ ಟರ್ನರ್‌ಗೆ ಬೇರೆ ಕೆಲಸ ಎಲ್ಲಿದೆ? ನನ್ನ ಬಂಧು ಒಬ್ಬರು, ಬೇರೊಂದು ಊರಿನ ಕಾರ್ಖಾನೆಯವರು, ಕೆಲಸ ಹೋದ ಮೇಲೆ ಬೆಂಗಳೂರಿನ ಎಟಿಎಂ ಒಂದರ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕಬ್ಬಿಣ ಕೊರೆಯುತ್ತಿದ್ದ ಕೈ ಅದು. ಕಂಪನಿ ಮುಳುಗಿದರೆ ಎಂ.ಡಿ. ಇನ್ನೊಂದು ಕಂಪನಿಗೆ ಹೋಗುತ್ತಾರೆ. 'ಕಷ್ಟದ ಕಾಲದ ಅನುಭವ' ಅಂತ ಬಯೋಡೇಟಾದಲ್ಲಿ ಒಂದು ಸಾಲು ಹೆಚ್ಚಾಗುತ್ತದೆ.

ಅಮೆರಿಕದ ಒಂದು ಕಥೆ ಕೇಳಿ. ಓಹಾಯೊ ರಾಜ್ಯದ ಲಾರ್ಡ್ಸ್‌ಟೌನ್‌ನಲ್ಲಿ ಜನರಲ್ ಮೋಟಾರ್ಸ್ 1966ರಿಂದ ಕಾರು ಮಾಡುತ್ತಿತ್ತು. 2018ರ ನವೆಂಬರಿನಲ್ಲಿ ಕಂಪನಿ ಉತ್ತರ ಅಮೆರಿಕದ ಐದು ಘಟಕಗಳಲ್ಲಿ ಕೆಲಸ ನಿಲ್ಲಿಸುವುದಾಗಿ ಹೇಳಿತು. ಪಟ್ಟಿಯಲ್ಲಿ ಈ ಊರೂ ಇತ್ತು. ಅಂದೇ ಷೇರಿನ ಬೆಲೆ ಏರಿತು. ಆ ವರ್ಷ ಮುಖ್ಯಸ್ಥೆ ಮೇರಿ ಬಾರಾ ಅವರಿಗೆ ಸಿಕ್ಕ ಒಟ್ಟು ಮೊತ್ತ ಸುಮಾರು 2 ಕೋಟಿ 18 ಲಕ್ಷ ಡಾಲರ್, ಕಂಪನಿಯ ನಡುಮಟ್ಟದ ನೌಕರನಿಗೆ ಹೋಲಿಸಿದರೆ 281 ಪಟ್ಟು. ಮುಂದಿನ ಮಾರ್ಚಿನಲ್ಲಿ ಲಾರ್ಡ್ಸ್‌ಟೌನ್‌ನ ಕೊನೆಯ ಕಾರು ಹೊರಬಂತು. ಕಂಪನಿ ಆಗ ನಷ್ಟದಲ್ಲೇನೂ ಇರಲಿಲ್ಲ. 'ಮುಂದಿನ ಕಾಲಕ್ಕೆ ಸಿದ್ಧತೆ' ಅಂದರು. ಮುಂದೆ 2023ರಲ್ಲಿ ಕಾರ್ಮಿಕರ ಯೂನಿಯನ್ ಮೂರು ಕಾರು ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ 40 ಶೇಕಡಾ ಏರಿಕೆ ಕೇಳಿತು. ಸಿಇಒಗಳೇ, ನಾಲ್ಕು ವರ್ಷದಲ್ಲಿ ನಿಮ್ಮ ಸಂಬಳ ಹೆಚ್ಚುಕಡಿಮೆ ಅಷ್ಟೇ ಏರಿದೆಯಲ್ಲ, ನಮಗೂ ಅಷ್ಟೇ ಕೊಡಿ ಎಂಬುದು ಅವರ ವಾದ. 25 ಶೇಕಡಾ ಪಡೆದುಕೊಂಡರು. ಅದನ್ನೂ ಹೊಟ್ಟೆಕಿಚ್ಚು ಅನ್ನುತ್ತೀರಾ?

ಎಲ್ಲ ಯಜಮಾನರೂ ಹಾಗೇ ಎಂದು ನಾನು ಹೇಳುವುದಿಲ್ಲ. ಜಪಾನಿನ ನಿಂಟೆಂಡೊ ಮುಗ್ಗರಿಸಿದಾಗ ಅದರ ಅಧ್ಯಕ್ಷ ಸತೋರು ಇವಾಟಾ 2014ರಲ್ಲಿ ಐದು ತಿಂಗಳು ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ನನಗೆ ಅವರಿಗಿಂತ ಇಷ್ಟವಾಗುವವರು ಕಜುವೊ ಇನಾಮೊರಿ. 2010ರ ಜನವರಿಯಲ್ಲಿ ಜಪಾನ್ ಏರ್‌ಲೈನ್ಸ್ ದಿವಾಳಿಯಾಯಿತು. ಸರ್ಕಾರ ಇವರನ್ನು ಕರೆಯಿತು. ವಯಸ್ಸು 78, ವಿಮಾನದ ವ್ಯವಹಾರ ಗೊತ್ತಿಲ್ಲ. ಬಂದರು, ಒಂದು ಯೆನ್ ಸಂಬಳ ಮುಟ್ಟಲಿಲ್ಲ. 2012ರ ಹೊತ್ತಿಗೆ ಕಂಪನಿ ಮತ್ತೆ ಷೇರು ಪೇಟೆಗೆ ಬಂತು. ನಿಮ್ಮ ಕೈಗೆ ಅಸ್ತ್ರ ನಾನೇ ಕೊಡುತ್ತೇನೆ: ಈ ಹೊತ್ತಿನಲ್ಲಿ ಅಲ್ಲಿ ಸುಮಾರು 16,000 ಜನ ಕೆಲಸ ಕಳೆದುಕೊಂಡರು. ಸಂಬಳ ಬಿಟ್ಟಿದ್ದರಿಂದ ಆ ಕೆಲಸಗಳು ಉಳಿಯಲಿಲ್ಲ, ನಿಮ್ಮ ಭಾಗಾಕಾರ ಅಲ್ಲೂ ಗೆದ್ದಿತು. ಆದರೆ ಮನೆಗೆ ಹೋಗಿ ಎಂದು ಹೇಳಿದವರು ತಮ್ಮ ಜೇಬು ಮೊದಲು ಖಾಲಿ ಮಾಡಿ ಆಮೇಲೆ ಹೇಳಿದರು. ನಾನು ಕೇಳುತ್ತಿರುವುದು ಈ ಸರದಿಯನ್ನು. ಬರಗಾಲದ ವರ್ಷ ಆಳಿನ ಗಂಜಿಗೆ ನೀರು ಬೆರೆಸುವ ಮೊದಲು ಗೌಡರ ಮನೆಯ ಹಬ್ಬ ನಿಲ್ಲಬೇಕು.

ಇದು ಬರೀ ಯೂನಿಯನ್ನಿನವರ ಮಾತೂ ಅಲ್ಲ. 2007ರಲ್ಲಿ ಮನಮೋಹನ್ ಸಿಂಗ್ ಉದ್ಯಮಿಗಳ ಸಭೆಯಲ್ಲೇ ನಿಂತು ವಿಪರೀತ ಸಂಬಳ ಬೇಡ ಎಂದರು. ಉದಾರೀಕರಣ ತಂದವರೇ ಹೇಳಿದ ಮಾತು. ಉದ್ಯಮಿಗಳು ಮುಖ ಕಿವಿಚಿದರು. 2017ರಲ್ಲಿ ಇನ್ಫೊಸಿಸ್‌ನ ಮುಖ್ಯ ಕಾರ್ಯಾಚರಣಾಧಿಕಾರಿಗೆ (ಸಿಒಒ) 60ರಿಂದ 70 ಶೇಕಡಾ ಏರಿಕೆ ಕೊಡಲು ಹೊರಟಾಗ ನಾರಾಯಣ ಮೂರ್ತಿ ಬಹಿರಂಗವಾಗಿ ಆಕ್ಷೇಪಿಸಿದರು. ಹೆಚ್ಚಿನ ನೌಕರರಿಗೆ 6ರಿಂದ 8 ಶೇಕಡಾ ಕೊಟ್ಟು ಮೇಲಿನವರಿಗೆ ಇಷ್ಟು ಕೊಡುವುದು ಸರಿಯಲ್ಲ ಎಂಬುದು ಅವರ ಮಾತು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಅವರು ಹೇಳಿದ ವಿಚಾರದಲ್ಲಿ ಅವರಿಗೂ ನನಗೂ ಆಗಿಬರುವುದಿಲ್ಲ. ಇದರಲ್ಲಿ ಮಾತ್ರ ಅವರ ಪಕ್ಕ.

ನಮ್ಮಲ್ಲಿ ಏನಾಗುತ್ತಿದೆ ನೋಡಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಒಂದರಲ್ಲಿ 1,200ಕ್ಕೂ ಹೆಚ್ಚು ಜನರಿಗೆ ಕೆಲಸ ಇಲ್ಲ ಎಂದರು. ಬಹುಪಾಲು ಹೆಣ್ಣುಮಕ್ಕಳು, ಸುತ್ತಲ ಹಳ್ಳಿಯವರು. ಸರ್ಕಾರದ ಅನುಮತಿ ಪಡೆದಿಲ್ಲ ಎಂದು ಯೂನಿಯನ್ ತಕರಾರು ಎತ್ತಿತು. ಆ ಹೆಂಗಸರು ಕೊರೊನಾ ಕಾಲದಲ್ಲಿ ವಾರಗಟ್ಟಲೆ ಧರಣಿ ಕೂತರು. ಕೂರಲು ಆಧಾರವಾಗಿದ್ದದ್ದು ಒಂದು ಕಾನೂನು: ನೂರು ಜನ ಕೆಲಸಗಾರರಿದ್ದರೆ ಸರ್ಕಾರವನ್ನು ಕೇಳದೆ ತೆಗೆಯುವಂತಿಲ್ಲ. 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಜಾರಿಗೆ ಬಂದು ಆ ನೂರು ಮುನ್ನೂರಾಗಿದೆ. ಇನ್ನೂರೈವತ್ತು ಜನರ ಕಾರ್ಖಾನೆ ಈಗ ಯಾರನ್ನೂ ಕೇಳಬೇಕಾಗಿಲ್ಲ. ಈ ಬದಲಾವಣೆ ಬಗ್ಗೆ ನಮ್ಮ ಚಾನೆಲ್ಲುಗಳಲ್ಲಿ ಎಷ್ಟು ಹೊತ್ತು ಚರ್ಚೆಯಾಯಿತು, ನೀವೇ ನೆನಪಿಸಿಕೊಳ್ಳಿ.

ನನ್ನ ವೃತ್ತಿಯವರ ಮೇಲೇ ನನಗೆ ಜಾಸ್ತಿ ಸಿಟ್ಟು. ನಾನು ಈ ಕೆಲಸಕ್ಕೆ ಬಂದಾಗ ಯೂನಿಯನ್ ಕಚೇರಿಗಳಿಗೆ ಹೋಗಿ ಚಹಾ ಕುಡಿದು ಸುದ್ದಿ ತರುವ ವರದಿಗಾರರು ಇದ್ದರು. ಪೀಣ್ಯದಲ್ಲಿ ಯಾವ ಗೇಟಿನ ಮುಂದೆ ಏನಾಯಿತೆಂದು ಸಂಜೆಯೊಳಗೆ ಗೊತ್ತಾಗುತ್ತಿತ್ತು. ಈಗ ವಾಣಿಜ್ಯ ಪುಟದಲ್ಲಿ ಸಿಇಒ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ, ಏನು ತಿನ್ನುತ್ತಾರೆ ಎಂದು ಓದುತ್ತೇವೆ. ಎರಡನೇ ಶಿಫ್ಟಿನವರು ಎಷ್ಟು ಗಂಟೆಗೆ ಮಲಗುತ್ತಾರೋ ಯಾರಿಗೆ ಬೇಕು?

ಕೊನೆಗೊಂದು ಕೆಲಸ ಹಚ್ಚುತ್ತೇನೆ, ಮೇಷ್ಟ್ರೇ ಅನ್ನುವ ಸಲಿಗೆಯಿಂದ. ಷೇರು ಪೇಟೆಯಲ್ಲಿರುವ ಪ್ರತಿ ಕಂಪನಿಯೂ ವಾರ್ಷಿಕ ವರದಿಯಲ್ಲಿ ಒಂದು ಅಂಕಿ ಕೊಡಲೇಬೇಕು. ಎಲ್ಲರ ಸಂಬಳ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ನೌಕರನಿಗಿಂತ ಪ್ರತಿ ಡೈರೆಕ್ಟರಿಗೆ ಎಷ್ಟು ಪಟ್ಟು ಸಂಬಳ ಎಂಬ ಅಂಕಿ. ಕಂಪನಿ ಕಾಯ್ದೆಯ 197ನೇ ಸೆಕ್ಷನ್ ನಿಮಗೆ ಬಾಯಿಪಾಠ ಇರುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಒಂದೊಂದು ಕಂಪನಿ ಹಂಚಿ, ಐದು ವರ್ಷದ ಅಂಕಿ ತೆಗೆಸಿ. ಜೊತೆಗೆ ಗುತ್ತಿಗೆ ಕಾರ್ಮಿಕರು ಎಷ್ಟು ಜನ ಎಂದೂ ಹುಡುಕಲು ಹೇಳಿ. ಅವರು ಕಂಪನಿಯ ನೌಕರರಲ್ಲವಾದ್ದರಿಂದ ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ನಿಂತರೆ ನಡುವಿನ ಸಂಬಳ ಇನ್ನೂ ಕೆಳಗಿಳಿಯುತ್ತದೆ. ಅವರನ್ನು ಕಳಿಸುವಾಗ ನೋಟಿಸೂ ಇಲ್ಲ, ಸುದ್ದಿಯೂ ಇಲ್ಲ, ಗೇಟ್ ಪಾಸ್ ಮುಂದುವರಿಯುವುದಿಲ್ಲ ಅಷ್ಟೆ. ಹುಡುಗರು ತಂದ ಪಟ್ಟಿಯನ್ನು ಕಳಿಸಿಕೊಡಿ. ನಿಮ್ಮ ವಾದವನ್ನೂ ಜೊತೆಗೆ ಬರೆಯಿರಿ. ಎರಡು ಪುಟ ಬಿಟ್ಟಿಡುತ್ತೇನೆ.

- ಸಂ.