ತಂತಿ ಮಾತು: ಕೊರ್ದೊಬಾದ ಗಿಟಾರ್ ರಾತ್ರಿಗಳು

ಪ್ರಶ್ನೆ: ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. ಜುಲೈನಲ್ಲಿ ನಾನೂ ಹೋಗುತ್ತಿದ್ದೇನೆ. ಕೊರ್ದೊಬಾ ಎಂಬ ಊರಿನ ಗಿಟಾರ್ ಹಬ್ಬಕ್ಕೆ ಐದು ರಾತ್ರಿ ಟಿಕೆಟ್ ತೆಗೆಸೋಣ ಅಂತಿದ್ದಾಳೆ. ಒಂದೊಂದು ರಾತ್ರಿ ಮುಖ್ಯ ಕಲಾವಿದರ ಜೊತೆ ಅತಿಥಿ ಕಲಾವಿದರೂ ಇರುತ್ತಾರಂತೆ. ನಾನು ಹದಿನೈದು ವರ್ಷ ವೀಣೆ ನುಡಿಸಿದವಳು. ಗಿಟಾರ್ ಅಂದರೆ ಸಿನಿಮಾ ಹಾಡಿನಲ್ಲಿ ಕೇಳಿದ್ದಷ್ಟೇ. ನನಗೆ ಅರ್ಥ ಆಗುತ್ತಾ ಸರ್? — ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಿ ಅಮ್ಮ. ಆದರೆ ಐದು ರಾತ್ರಿ ಬೇಡ, ಮೂರು ಸಾಕು. ನಾನು ಐದೂ ರಾತ್ರಿ ಕೂತು ಬಂದವನು, ಅದಕ್ಕೇ ಹೇಳುತ್ತಿದ್ದೇನೆ. ನನ್ನದು ವೀಣೆ, ಗಿಟಾರ್ ರಿಪೇರಿ ಮಾಡುವ ಅಂಗಡಿ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಒಂದು ಜುಲೈನಲ್ಲಿ ಆ ಊರಿಗೆ ಹೋಗಿದ್ದೆ.

ಈ ಹಬ್ಬ ಹುಟ್ಟಿದ್ದು ಪಾಠದಿಂದ. ಕೊರ್ದೊಬಾದವರೇ ಆದ ಗಿಟಾರ್ ವಾದಕ ಪಾಕೊ ಪೆನ್ಯಾ 1981 ರಲ್ಲಿ ಇದನ್ನು ಶುರು ಮಾಡಿದರು. ಹಗಲು ಕಲಿಯುವುದು, ರಾತ್ರಿ ಕೇಳುವುದು. ಈಗ ಫ್ಲಮೆಂಕೊ (ಹಾಡು, ಕುಣಿತ, ಗಿಟಾರ್ ಸೇರಿದ ದಕ್ಷಿಣ ಸ್ಪೇನಿನ ಸಂಗೀತ) ಜೊತೆಗೆ ಕ್ಲಾಸಿಕಲ್, ಜಾಝ್, ಬ್ಲೂಸ್, ರಾಕ್ ಎಲ್ಲವೂ ಇದೆ. ಒಂದೊಂದು ಕಛೇರಿಗೂ ಬೇರೆ ಬೇರೆ ಟಿಕೆಟ್. ದೊಡ್ಡ ಕಛೇರಿಗಳು ಆಕ್ಸೆರ್ಕಿಯಾ ಎಂಬ ಬಯಲು ರಂಗಮಂದಿರದಲ್ಲಿ ನಡೆಯುತ್ತವೆ. ಮೆಲುದನಿಯವು ಊರೊಳಗಿನ ಗ್ರಾನ್ ತೆಯಾತ್ರೊ ಎಂಬ ಹಳೇ ನಾಟಕಮಂದಿರದಲ್ಲಿ.

ಮೊದಲು ಬಿಸಿಲಿನ ವಿಷಯ. ಅಲ್ಲಿ ಜುಲೈ ಅಂದರೆ ನಮ್ಮ ರಾಯಚೂರಿನ ಮೇ ತಿಂಗಳು. 40 ಡಿಗ್ರಿ ದಾಟುವುದು ಮಾಮೂಲು. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ. ಅದಕ್ಕೇ ಬಯಲಿನ ಕಛೇರಿ ಹತ್ತೂವರೆ ಹೊತ್ತಿಗೆ ಶುರುವಾಗುತ್ತೆ. ಮಧ್ಯಾಹ್ನ ಊರಿನವರು ಬಾಗಿಲು ಹಾಕಿಕೊಂಡು ಮಲಗುತ್ತಾರೆ. ನೀವೂ ಮಲಗಿ. ಒಂದು ಬೀಸಣಿಗೆ ಕೊಂಡುಕೊಳ್ಳಿ.

ಮೂರು ರಾತ್ರಿ ಆರಿಸುವುದು ಹೀಗೆ. ಒಂದು, ಹಾಡುಗಾರರು ಇರುವ ಫ್ಲಮೆಂಕೊ ರಾತ್ರಿ. ಇನ್ನೊಂದು, ಮೈಕಿನ ಅಬ್ಬರ ಇಲ್ಲದ ಕ್ಲಾಸಿಕಲ್ ಕಛೇರಿ. ಮೂರನೆಯದು ಅತಿಥಿಗಳು ಜಾಸ್ತಿ ಇರುವ ರಾತ್ರಿ. ನಡುವೆ ಒಂದೊಂದು ದಿನ ಬಿಡಿ. ಕಿವಿಗೂ ರಜೆ ಬೇಕು, ಅಲ್ವಾ?

ಅರ್ಥ ಆಗುತ್ತಾ ಅಂತ ಕೇಳಿದ್ದೀರಿ. ಪಕ್ಕದಲ್ಲಿ ಕೂತವರಲ್ಲಿ ಎಷ್ಟೋ ಜನರಿಗಿಂತ ಬೇಗ ನಿಮಗೆ ಅರ್ಥ ಆಗುತ್ತೆ. ಯಾಕೆಂದರೆ ಆ ಸಂಗೀತದ ಜೀವ ಇರುವುದು ಲೆಕ್ಕದಲ್ಲಿ. ಈ ಸಾಲನ್ನು ಒಮ್ಮೆ ಬಾಯಲ್ಲಿ ಹೇಳಿ: ತಕಿಟ ತಕಿಟ ತಕ ತಕ ತಕ. ಮೂರು, ಮೂರು, ಎರಡು, ಎರಡು, ಎರಡು. ಒಟ್ಟು ಹನ್ನೆರಡು. ಪ್ರತಿ ಗುಂಪಿನ 'ತ' ಮೇಲೆ ಪೆಟ್ಟು ಕೊಡಿ. ಅಲ್ಲಿಯವರು ಇದೇ ಪೆಟ್ಟುಗಳನ್ನು 12, 3, 6, 8, 10 ಎಂದು ಎಣಿಸುತ್ತಾರೆ. ಅಂದರೆ ಅವರ ಎಣಿಕೆ ಹನ್ನೆರಡರಿಂದ ಹೊರಡುತ್ತೆ. ಇದನ್ನು ಕಂಪಾಸ್ ಅಂತಾರೆ. ನಿಧಾನವಾಗಿ ಹಾಕಿದರೆ ಸೊಲೆಯಾ, ಓಡಿಸಿದರೆ ಬುಲೆರಿಯಾ. ಮನೆಯಲ್ಲಿ ತರಕಾರಿ ಹೆಚ್ಚುವಾಗ ಒಂದು ವಾರ ಇದನ್ನು ಹೇಳಿಕೊಳ್ಳಿ. ಅಲ್ಲಿ ಕೂತಾಗ ತೊಡೆಯ ಮೇಲೆ ಬೆರಳು ತಾನಾಗಿ ಬೀಳುತ್ತೆ. ತೊಡೆಯ ಮೇಲೆ ಮಾತ್ರ. ಜೋರಾಗಿ ಚಪ್ಪಾಳೆ ಹಾಕಬೇಡಿ. ಅಲ್ಲಿ ಚಪ್ಪಾಳೆಯೂ ಒಂದು ವಾದ್ಯ, ಅದಕ್ಕೇ ಅಂತ ವೇದಿಕೆಯ ಮೇಲೆ ಜನ ಇರುತ್ತಾರೆ. ನಾವು ತಪ್ಪು ಜಾಗದಲ್ಲಿ ತಟ್ಟಿದರೆ ಅವರ ಲೆಕ್ಕ ಕದಡುತ್ತೆ. ಆದರೆ ಬಾಯಿ ಕಟ್ಟಿಕೊಂಡು ಕೂರಬೇಕಿಲ್ಲ. ನಮ್ಮಲ್ಲಿ 'ಭೇಷ್' ಅನ್ನುವ ಜಾಗದಲ್ಲಿ ಅಲ್ಲಿ 'ಓಲೆ' ಅಂತಾರೆ. ಮುಕ್ತಾಯ ಸರಿಯಾಗಿ ಬಂದು ಕೂತಾಗ ನಿಮಗೇ ಬಾಯಿಗೆ ಬರುತ್ತೆ.

ಇನ್ನೊಂದು ಮಾತು. ಗಿಟಾರಿನವರ ಕೈ ನೋಡುತ್ತಾ ಕೂರಬೇಡಿ, ಮುಖ ನೋಡಿ. ನನಗೆ ಮೊದಲ ರಾತ್ರಿ ಮೂರನೇ ಸಾಲು ಸಿಕ್ಕಿತ್ತು. ವಯಸ್ಸಾದ ಒಬ್ಬ ಹಾಡುಗಾರ ಅತಿಥಿಯಾಗಿ ಬಂದು ಕುರ್ಚಿಯಲ್ಲಿ ಕೂತರು. ಅಲ್ಲಿಯವರೆಗೆ ಬೆರಳುಗಳನ್ನು ಮಳೆಯ ಹಾಗೆ ಸುರಿಸುತ್ತಿದ್ದ ವಾದಕ ಕುರ್ಚಿಯನ್ನೇ ಅರ್ಧ ತಿರುಗಿಸಿಕೊಂಡರು. ಆಮೇಲೆ ಅವರ ಕಣ್ಣು ಆ ಹಿರಿಯರ ತುಟಿಯಿಂದ ಕದಲಲಿಲ್ಲ. ಹಿರಿಯರು ಉಸಿರು ಎಳೆದುಕೊಂಡಾಗ ಇವರು ತಂತಿಯ ಮೇಲೆ ಕೈ ಇಟ್ಟು ಸದ್ದು ನಿಲ್ಲಿಸಿದರು. ಒಂದೇ ಮಾತ್ರೆ. ನನ್ನ ಮುಂದಿನ ಸಾಲಿನ ಹೆಂಗಸು ಒಂದೇ ಸಮನೆ ಬೀಸಣಿಗೆ ಆಡಿಸುತ್ತಿದ್ದರು, ಅದೂ ನಿಂತಿತು. ಹಾಡಿನ ಸಾಲು ಮುಗಿದ ಮೇಲೆ ಗಿಟಾರಿನದೊಂದು ಸಣ್ಣ ಬಿಡಿ ತುಣುಕು ಬರುತ್ತೆ, ಅದಕ್ಕೆ ಫಾಲ್ಸೆತಾ ಅಂತ ಹೆಸರು. ಆಗ ಹಿರಿಯರು ಕಣ್ಣು ಮುಚ್ಚಿಕೊಂಡು ಕೇಳಿದರು. ಫ್ಲಮೆಂಕೊದಲ್ಲಿ ಗಿಟಾರ್ ಮೊದಲು ಪಕ್ಕವಾದ್ಯ, ಆಮೇಲೆ ಒಂಟಿ ವಾದ್ಯ. ಆ ರಾತ್ರಿ ಇದು ನನ್ನ ಮೈಗೆ ಇಳಿಯಿತು.

ಕೊನೆಯದಾಗಿ, ಮಧ್ಯದಲ್ಲಿ ಎದ್ದು ಬರಬೇಡಿ. ನಾಲ್ಕನೇ ರಾತ್ರಿ ನಾನು ಹಾಗೆ ಮಾಡಿದೆ. ಹಗಲೆಲ್ಲ ಬಿಸಿಲಲ್ಲಿ ತಿರುಗಿ ತಲೆ ಸಿಡಿಯುತ್ತಿತ್ತು. ಹನ್ನೆರಡೂವರೆ ಆಗಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು, ಕಲಾವಿದರು ಬಾಗಿ ನಮಸ್ಕರಿಸಿದರು. ಮುಗಿಯಿತು ಅಂದುಕೊಂಡು ಟ್ಯಾಕ್ಸಿಗೆ ಅಂತ ಹೊರಗೆ ಬಂದೆ. ಗೋಡೆ ದಾಟುವಷ್ಟರಲ್ಲಿ ಒಳಗೆ ಮತ್ತೆ ತಾಳ ಎದ್ದಿತು. ಬುಲೆರಿಯಾ. ಅದು ಕಛೇರಿಯ ಕೊನೆಯ ಭಾಗ, ನಮ್ಮ ಮಂಗಳದ ಹಾಗೆ. ಆ ರಾತ್ರಿಯ ಅತಿಥಿಗಳೆಲ್ಲ ಮೈಕ್ ಬಿಟ್ಟು ವೇದಿಕೆಯ ಅಂಚಿಗೆ ಬಂದು ಅರೆವೃತ್ತದಲ್ಲಿ ನಿಂತು, ಒಬ್ಬೊಬ್ಬರಾಗಿ ಒಂದು ಸಾಲು ಹಾಡಿಯೋ ನಾಲ್ಕು ಹೆಜ್ಜೆ ಹಾಕಿಯೋ ಹಿಂದೆ ಸರಿಯುತ್ತಾರೆ. ಮತ್ತೆ ಒಳಗೆ ಬಿಡಲಿಲ್ಲ. ಗೋಡೆಗೆ ಒರಗಿಕೊಂಡು ಬರೀ ಚಪ್ಪಾಳೆ, ಹೆಜ್ಜೆ ಸದ್ದು ಕೇಳಿದೆ. ನಡೆಯುವುದಕ್ಕೂ ಕಷ್ಟಪಡುತ್ತಿದ್ದ ಹಾಡುಗಾರ್ತಿಯೊಬ್ಬರು ಸೆರಗಿನ ಹಾಗೆ ಶಾಲು ಎತ್ತಿ ಹಿಡಿದು ಕುಣಿದರು ಅಂತ ಮರುದಿನ ಕಾಫಿ ಅಂಗಡಿಯಲ್ಲಿ ಒಬ್ಬರು ಹೇಳಿದರು. ಅದನ್ನು ನೋಡಲಿಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಪ್ರಶ್ನೆ: ಹಬ್ಬ ಅಂದ ಮೇಲೆ ಅತಿಥಿಗಳ ಪಟ್ಟಿ ಉದ್ದ ಇರುತ್ತೆ. ಹತ್ತು ಜನ ಒಟ್ಟಿಗೆ ಗಿಟಾರ್ ಹಿಡಿದರೆ ಕಛೇರಿ ಹೋಗಿ ಜಾತ್ರೆ ಆಗಲ್ವಾ? — ಮೈಸೂರಿನಿಂದ, ನಿವೃತ್ತ ಶಿಕ್ಷಕರು

ಉತ್ತರ: ಆಗುತ್ತೆ ಮೇಷ್ಟ್ರೇ. ನಾನೇ ಕೇಳಿದ್ದೇನೆ. ಮೂರು ಜನ ಸಾಲಾಗಿ ನಿಂತು ಒಂದೇ ಸ್ವರಸಾಲನ್ನು ಒಬ್ಬರಿಗಿಂತ ಒಬ್ಬರು ಜೋರಾಗಿ ಓಡಿಸಿದರೆ ಕೇಳುವವರಿಗೆ ಏನೂ ಉಳಿಯಲ್ಲ.

ಆದರೆ ಅತಿಥಿ ತನ್ನ ಮನೆಯಿಂದ ಏನಾದರೂ ತಂದರೆ ಕಥೆಯೇ ಬೇರೆ. ಇವತ್ತು ಫ್ಲಮೆಂಕೊ ವೇದಿಕೆಯಲ್ಲಿ ಒಬ್ಬರು ಮರದ ಪೆಟ್ಟಿಗೆಯ ಮೇಲೆ ಕೂತು ಅದರ ಮುಂದಿನ ಹಲಗೆಯನ್ನು ಬಾರಿಸುವುದನ್ನು ನೋಡಿರುತ್ತೀರಿ. ಅದು ಕಹೋನ್. ಸ್ಪೇನಿನದ್ದೇ ಅನ್ನಿಸುತ್ತೆ, ಅಲ್ಲ. ಪೆರು ದೇಶದಲ್ಲಿ ಆಫ್ರಿಕಾ ಮೂಲದ ಜನ ನುಡಿಸುತ್ತಿದ್ದ ವಾದ್ಯ. 1970 ರ ದಶಕದಲ್ಲಿ ಸ್ಪೇನಿನ ಫ್ಲಮೆಂಕೊ ಗಿಟಾರ್ ವಾದಕ ಪಾಕೊ ದೆ ಲುಸಿಯಾ ಅಲ್ಲಿಗೆ ಕಛೇರಿಗೆ ಹೋದಾಗ ಕೇಳಿ, ಇಷ್ಟಪಟ್ಟು, ತಮ್ಮ ತಂಡಕ್ಕೆ ಸೇರಿಸಿಕೊಂಡರು. ಅತಿಥಿಯಾಗಿ ಹೋದವರು ತಂದ ಆ ಪೆಟ್ಟಿಗೆ ಇಲ್ಲದೆ ಈಗ ಫ್ಲಮೆಂಕೊ ತಂಡ ಕಾಣುವುದೇ ಕಡಿಮೆ.

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದಲ್ಲಿ ಡಾ. ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತರು. ಆಮೇಲೆ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ 'ಶಕ್ತಿ' ತಂಡ ಕಟ್ಟಿದರು. ಅದಕ್ಕಾಗಿ ಮಾಡಿಸಿದ ಗಿಟಾರಿನಲ್ಲಿ ಫ್ರೆಟ್‌ಗಳ, ಅಂದರೆ ಮೆಟ್ಟಿಲುಗಳ, ನಡುವಿನ ಮರವನ್ನು ಬಟ್ಟಲಿನ ಹಾಗೆ ಕೆತ್ತಿಸಿದ್ದರು. ಬೆರಳು ಮರಕ್ಕೆ ತಾಗುವುದಿಲ್ಲ, ತಂತಿಯನ್ನು ವೀಣೆಯಲ್ಲಿ ಎಳೆದ ಹಾಗೆ ಎಳೆಯಬಹುದು. ಮುಖ್ಯ ತಂತಿಗಳ ಕೆಳಗೆ ಓರೆಯಾಗಿ ಏಳು ತಂತಿ ಬೇರೆ, ಶ್ರುತಿಗೆ ಅನುರಣಿಸಲು. ಅದೇ ಮೆಕ್‌ಲಾಫ್ಲಿನ್ 1980 ರ ಡಿಸೆಂಬರ್‌ನಲ್ಲಿ ಪಾಕೊ ದೆ ಲುಸಿಯಾ, ಅಮೆರಿಕದ ಗಿಟಾರ್ ವಾದಕ ಆಲ್ ಡಿ ಮಿಯೋಲಾ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂತು ನುಡಿಸಿದರು. ಓಟ ಅಲ್ಲೂ ಇದೆ, ನಿಜ. ಆದರೆ ಒಬ್ಬರು ಓಡುವಾಗ ಇನ್ನೊಬ್ಬರು ಹಿಂದೆ ತಾಳ ಹಿಡಿದಿರುತ್ತಾರೆ. ನೀವು ಅದನ್ನೇ ಗಮನಿಸಿ. ತನ್ನ ಸರದಿ ಇಲ್ಲದಾಗ ಅತಿಥಿ ಏನು ಮಾಡುತ್ತಾರೆ? ಸುಮ್ನೆ ನಿಂತು ನೀರು ಕುಡಿಯುತ್ತಾರಾ, ಇನ್ನೊಬ್ಬರನ್ನು ಎತ್ತಿ ಹಿಡಿಯುತ್ತಾರಾ? ಜಾತ್ರೆಯೋ ಕಛೇರಿಯೋ ಅಲ್ಲೇ ಗೊತ್ತಾಗುತ್ತೆ.

ಪ್ರಶ್ನೆ: ಸ್ಪೇನಿನ ಗಿಟಾರ್ ಹಬ್ಬಗಳ ವಿಡಿಯೋ ನೋಡಿ ಹುಚ್ಚು ಹಿಡಿದಿದೆ. ನನ್ನದು ಸ್ಟೀಲ್ ತಂತಿಯ ಗಿಟಾರ್. ನೈಲಾನ್ ತಂತಿ ಹಾಕಿಬಿಟ್ಟರೆ ಆ ಸದ್ದು ಬರುತ್ತಾ ಸರ್? — ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬರಲ್ಲ ತಮ್ಮಾ. ಸ್ಟೀಲ್ ತಂತಿಯ ಬಿಗಿತಕ್ಕೆ ಅಂತ ಕಟ್ಟಿದ ಮೇಲ್ಹಲಗೆಯನ್ನು ನೈಲಾನ್ ಅಲುಗಾಡಿಸಲಾರದು. ಸತ್ತ ಸದ್ದು ಬರುತ್ತೆ. ಇದಕ್ಕಿಂತ ದೊಡ್ಡ ತಪ್ಪು ಇದರ ಉಲ್ಟಾ ಮಾಡುವುದು. ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಹಾಕಿ, ತಂತಿ ಕಟ್ಟುವ ಬ್ರಿಡ್ಜ್ ಕಿತ್ತು ಬಂದ ಮೇಲೆ ನನ್ನ ಅಂಗಡಿಗೆ ತರುತ್ತಾರೆ. ಯಾವತ್ತೂ ಹಾಗೆ ಮಾಡಬೇಡ.

ನೀನು ಕೇಳಿದ ಆ ಒಣ, ಚುರುಕು ಸದ್ದು ಬರುವುದು ಮರದಿಂದ ಮತ್ತು ಕಟ್ಟುವ ರೀತಿಯಿಂದ. ಫ್ಲಮೆಂಕೊ ಗಿಟಾರಿನ ಬೆನ್ನು, ಪಕ್ಕ ಸಾಂಪ್ರದಾಯಿಕವಾಗಿ ಸೈಪ್ರೆಸ್ ಮರದ್ದು. ತುಂಬಾ ಹಗುರ. ತಂತಿ ಕೆಳಗೆ ಕೂತಿರುತ್ತೆ, ಜೋರಾಗಿ ಹೊಡೆದರೆ ಸ್ವಲ್ಪ ಝೇಂಕರಿಸುತ್ತೆ, ಅದು ಅವರಿಗೆ ಬೇಕಾದದ್ದೇ. ಸ್ವರ ಥಟ್ಟನೆ ಹುಟ್ಟಿ ಬೇಗ ಆರುತ್ತೆ. ಹಲಗೆಯ ಮೇಲೆ ಬೆರಳಿನಿಂದ ಕುಟ್ಟುತ್ತಾರೆ ನೋಡು, ಮರ ಸವೆಯದಿರಲಿ ಅಂತ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕ್ಲಾಸಿಕಲ್ ಗಿಟಾರಿಗೆ ಸ್ವರ ನಿಲ್ಲಬೇಕು. ಅದಕ್ಕೆ ರೋಸ್‌ವುಡ್.

ಆ ರೋಸ್‌ವುಡ್ ಯಾವುದು ಗೊತ್ತಾ? ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992 ರಲ್ಲಿ ಅಂತರರಾಷ್ಟ್ರೀಯ ತಡೆ ಬಿತ್ತು. ಈಗ ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ. ಕೊರ್ದೊಬಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಗಿಟಾರ್ ಮಾಡುವವರೊಬ್ಬರು ಎರಡು ಹಲಗೆ ಕೈಗೆ ಕೊಟ್ಟರು. ಸೈಪ್ರೆಸ್ಸು ಹಳದಿ, ಹೆರೆದಾಗ ಮೂಗಿಗೆ ಏರುವ ಘಾಟು. ಇನ್ನೊಂದನ್ನು ಬೆಳಕಿಗೆ ಹಿಡಿಯುವ ಮೊದಲೇ ಗುರುತು ಸಿಕ್ಕಿತು. ಹತ್ತರಿ ಸಿಪ್ಪೆಯಲ್ಲಿ ಆ ಸಿಹಿ ವಾಸನೆ. ನಮ್ಮ ಮನೆಯ ಹಳೇ ಬೀಟೆ ಮಂಚವನ್ನು ಬಡಗಿ ರಿಪೇರಿ ಮಾಡಿದ ದಿನ ಮನೆಯೆಲ್ಲ ಇದೇ ವಾಸನೆ ಇತ್ತು. ಇದು ನನ್ನ ನಾಡಿನ ಮರ ಅಂತ ಕೈಸನ್ನೆಯಲ್ಲಿ ಹೇಳಿದೆ. ಅವರು ನನ್ನ ಕೈ ಹಿಡಿದು ಕುಲುಕಿದರು.

ನೀನು ಸದ್ಯಕ್ಕೆ ಒಂದು ಸಾಧಾರಣ ನೈಲಾನ್ ತಂತಿಯ ಗಿಟಾರ್ ತಗೋ. ಶಿವಮೊಗ್ಗದ ಅಮ್ಮನಿಗೆ ಹೇಳಿದ ಹನ್ನೆರಡರ ಲೆಕ್ಕವನ್ನು ಬಲಗೈಗೆ ಕಲಿಸು. ಆರು ತಿಂಗಳು ಎಡಗೈಗೆ ಅವಸರ ಬೇಡ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಹಬ್ಬದ ರಾತ್ರಿ ಅಲ್ಲಿ ಊಟಕ್ಕೆ ಏನು ಮಾಡುವುದು? — ಬೆಂಗಳೂರಿನ ದಂಪತಿ

ಉತ್ತರ: ಸಾಲ್ಮೊರೇಹೊ ಅಂತ ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಅರೆದು ಮಾಡಿದ ತಣ್ಣನೆಯ ಗಟ್ಟಿ ಸಾರು ಸಿಗುತ್ತೆ. ಆ ಬಿಸಿಲಿಗೆ ಹೇಳಿ ಮಾಡಿಸಿದ್ದು. ಆದರೆ ಮೇಲೆ ಹಂದಿ ಮಾಂಸದ ಚೂರು, ಮೊಟ್ಟೆ ಉದುರಿಸುತ್ತಾರೆ. 'ಸಿನ್ ಹಮೋನ್, ಸಿನ್ ವೇವೊ' ಅಂತ ಮೊದಲೇ ಹೇಳಿಬಿಡಿ. ಇನ್ನೊಂದು ಬದನೆಕಾಯಿ. ಉದ್ದಕ್ಕೆ ಹೆಚ್ಚಿ, ಹಿಟ್ಟು ಸವರಿ, ಗರಿಗರಿಯಾಗಿ ಕರಿದು, ಮೇಲೆ ಕಬ್ಬಿನ ಕಪ್ಪು ಪಾಕ ಸುರಿದು ಕೊಡುತ್ತಾರೆ. ಬಾಯಿಗಿಟ್ಟರೆ ನಮ್ಮ ಜೋನಿಬೆಲ್ಲವೇ. ಕಛೇರಿಗೆ ಮೊದಲು ಒಂಬತ್ತು ಗಂಟೆಗೆ ತಿಂದು ಹೋಗಿ. ಹಸಿವಾಯಿತು ಅಂತ ಮಧ್ಯದಲ್ಲಿ ಏಳುವ ಪ್ರಸಂಗ ಬರಬಾರದು.