ಸ್ಕ್ಯಾನಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕೆ?

ಪ್ರಶ್ನೆ: ನಮ್ಮ ತಾತನವರ ಕಾಲದ ಸುಮಾರು 400 ಫೋಟೊಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದಾಗಿನ ಚಿತ್ರಗಳೂ ಅವುಗಳಲ್ಲಿವೆ. ನನ್ನ ಕಂಪ್ಯೂಟರಿನಲ್ಲಿ 4 ಜಿಬಿ ರ‍್ಯಾಮ್ ಮತ್ತು ಹಳೆಯ ಹಾರ್ಡ್ ಡಿಸ್ಕ್ ಇದ್ದು, 1200 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಇಟ್ಟರೆ ನಿಂತೇಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಚಿತ್ರಗಳು ಸ್ಪಷ್ಟವಾಗುತ್ತವೆಯೇ?
— ಓದುಗರು, ಮಂಡ್ಯ

ಉತ್ತರ: ಆಗುವುದಿಲ್ಲ, ಆ ಹಣವನ್ನು ದಯವಿಟ್ಟು ಉಳಿಸಿಕೊಳ್ಳಿ. ಚಿತ್ರದ ಸ್ಪಷ್ಟತೆಯನ್ನು ನಿರ್ಧರಿಸುವುದು ಸ್ಕ್ಯಾನರಿನ ಸೆನ್ಸರ್ ಮತ್ತು ಅದರ ಗಾಜಿನ ಶುಚಿತ್ವವೇ ಹೊರತು ಕಂಪ್ಯೂಟರ್ ಅಲ್ಲ. ಕಂಪ್ಯೂಟರನ್ನು ಬಲಪಡಿಸಿದರೆ ನೀವು ಕಾಯುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೆ.

ಅದು ನಿಂತುಹೋಗುವುದಕ್ಕೆ ಕಾರಣ ಕಡತದ ಗಾತ್ರ. ಡಿಪಿಐ ಎರಡು ಪಟ್ಟಾದರೆ ಗಾತ್ರ ನಾಲ್ಕು ಪಟ್ಟಾಗುತ್ತದೆ: ಎ4 ಅಳತೆಯ ಬಣ್ಣದ ಚಿತ್ರ 600 ಡಿಪಿಐನಲ್ಲಿ ಮೆಮೊರಿಯ ಸುಮಾರು 100 ಎಂಬಿ ಜಾಗ ಹಿಡಿದರೆ, 1200ರಲ್ಲಿ 400 ಎಂಬಿ ದಾಟುತ್ತದೆ. ವಿಂಡೋಸ್ ತನ್ನ ಪಾಲನ್ನು ತೆಗೆದುಕೊಂಡ ಮೇಲೆ, ಚಿತ್ರ ತಿದ್ದುವ ತಂತ್ರಾಂಶವೂ ಪ್ರತಿ ಹಂತದ ನಕಲನ್ನು ಇಟ್ಟುಕೊಳ್ಳುವುದರಿಂದ 4 ಜಿಬಿ ಬೇಗನೆ ತುಂಬಿ, ಉಳಿದದ್ದನ್ನು ನಿಧಾನಗತಿಯ ಹಾರ್ಡ್ ಡಿಸ್ಕಿಗೆ ಬರೆಯಬೇಕಾಗುತ್ತದೆ.

ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಪ್ರಿವ್ಯೂನಲ್ಲಿ ಇಡೀ ಗಾಜನ್ನು ಬಿಟ್ಟು ಫೋಟೊ ಇರುವಷ್ಟು ಭಾಗವನ್ನೇ ಆರಿಸಿ, 600 ಡಿಪಿಐ ಇಡಿ. 4x6 ಇಂಚಿನ ಚಿತ್ರ ಆಗ ಸುಮಾರು 26 ಎಂಬಿ ಮಾತ್ರ. ಕಾಗದದ ಮೇಲಿನ ಹಳೆಯ ಮುದ್ರಣದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿನ ವಿವರ ಇರುವುದಿಲ್ಲ. ನೆಗೆಟಿವ್ ಉಳಿದಿದ್ದರೆ ಮಾತು ಬೇರೆ. ಅದಕ್ಕೆ ಹೆಚ್ಚಿನ ಡಿಪಿಐ ಜೊತೆಗೆ ಮುಚ್ಚಳದಲ್ಲಿ ಬೆಳಕಿರುವ ಸ್ಕ್ಯಾನರ್ ಬೇಕು. ಕಪ್ಪು-ಬಿಳುಪಿನ ಚಿತ್ರ ಕಂದುಗಟ್ಟಿದ್ದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡುವುದು ಒಳ್ಳೆಯದು, ಏಕೆಂದರೆ ಕಲೆಗಳನ್ನು ಮುಂದೆ ತಿದ್ದುವಾಗ ಆ ಬಣ್ಣದ ವ್ಯತ್ಯಾಸವೇ ನೆರವಾಗುತ್ತದೆ.

ಇಷ್ಟಾದರೂ ನಿಧಾನವೆನಿಸಿದರೆ ರ‍್ಯಾಮನ್ನು 16 ಜಿಬಿಗೆ ಏರಿಸಿ. ರ‍್ಯಾಮಿನ ಬಗೆಗಳಾದ ಡಿಡಿಆರ್3 ಮತ್ತು ಡಿಡಿಆರ್4 ಒಂದರ ಸ್ಥಳದಲ್ಲಿ ಇನ್ನೊಂದು ಕೂರುವುದಿಲ್ಲವಾದ್ದರಿಂದ, ನಿಮ್ಮ ಮದರ್‌ಬೋರ್ಡ್ ಯಾವುದನ್ನು, ಎಷ್ಟು ಜಿಬಿಯವರೆಗೆ ಸ್ವೀಕರಿಸುತ್ತದೆ ಎಂಬುದನ್ನು ತಿಳಿದುಕೊಂಡೇ ಅಂಗಡಿಗೆ ಹೋಗಿ. ವಿಂಡೋಸ್ 32 ಬಿಟ್‌ನದಾಗಿದ್ದರೆ ಹೆಚ್ಚುವರಿ ರ‍್ಯಾಮ್ ಬಳಕೆಗೇ ಬರುವುದಿಲ್ಲ. ಮೊದಲು 64 ಬಿಟ್‌ನದನ್ನು ಹಾಕಿಸಬೇಕು. ಆಮೇಲೆ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಕಡತಗಳನ್ನು ಇಡುವ ಡಿಸ್ಕ್) ಕೊಂಡು ವಿಂಡೋಸನ್ನು ಅದರಲ್ಲಿರಿಸಿ; ಹಾರ್ಡ್ ಡಿಸ್ಕಿಗಿಂತ ಅದು ಹಲವು ಪಟ್ಟು ವೇಗವಾಗಿ ಓದುತ್ತದೆ, ಬರೆಯುತ್ತದೆ.

ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಉಳಿಸಿ. ಜೆಪೆಗ್‌ ಕಡತವನ್ನು ತಿದ್ದಿ ಉಳಿಸಿದಾಗಲೆಲ್ಲ ಗುಣಮಟ್ಟ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಅಣೆಕಟ್ಟೆಯ ಚಿತ್ರಗಳು ಮನೆಯವರಿಗಷ್ಟೇ ಅಲ್ಲ, ಊರಿಗೂ ಬೇಕಾದವು. ಆದ್ದರಿಂದ ಅವುಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಬಂಧುಗಳ ಮನೆಯಲ್ಲಿಡಿ.