ಲಿವರ್ ಮಧ್ಯಕ್ಕೆ ಬರದಿದ್ದರೆ ಮೊದಲು ಜಿಡ್ಡು ನೋಡಿ

ಹಳೆಯ ಜೋಡಿ ನಳಿಗೆ ಕೋವಿ ಮುಚ್ಚಿದ ಮೇಲೂ ಅದನ್ನು ತೆರೆಯುವ ಮೇಲಿನ ಲಿವರ್ ಮಧ್ಯಕ್ಕೆ ಬರದೆ ಬಲಕ್ಕೇ ನಿಲ್ಲುತ್ತದೆ, ಬೆರಳಲ್ಲಿ ತಳ್ಳಬೇಕು ಅಂದಿರಿ, ಅಲ್ವಾ? ಸರಿಯಾಗುವವರೆಗೆ ದಯವಿಟ್ಟು ಗುಂಡು ಹಾರಿಸಬೇಡಿ. ಲಿವರ್ ಪೂರ್ತಿ ಮರಳದಿದ್ದರೆ ನಳಿಗೆಯನ್ನು ಮುಚ್ಚಿ ಹಿಡಿಯುವ ಒಳಗಿನ ಬೋಲ್ಟ್ ನಳಿಗೆಯ ಕಚ್ಚಿನಲ್ಲಿ ಪೂರ್ತಿ ಕೂತಿರುವುದಿಲ್ಲ. ಹೊಡೆತಕ್ಕೆ ಕೋವಿ ತೆರೆದುಕೊಳ್ಳಬಹುದು.

ತೋಟಾ ಇಲ್ಲ ಎಂದು ಖಚಿತ ಮಾಡಿಕೊಂಡು ನಳಿಗೆ ಬಿಚ್ಚಿ. ಈಗಲೂ ಲಿವರ್ ಬಲಕ್ಕೇ ನಿಂತರೆ ಗಾಬರಿ ಬೇಡ. ಹಲವು ಕೋವಿಗಳಲ್ಲಿ ಒಂದು ಚಿಕ್ಕ ಪಿನ್ ಅದನ್ನು ಹಾಗೆ ಹಿಡಿದಿಟ್ಟಿರುತ್ತದೆ. ಲಿವರನ್ನು ಬೆರಳಲ್ಲಿ ತಡೆದುಕೊಂಡು ಆ ಪಿನ್ ಒತ್ತಿ, ನಿಧಾನ ಬಿಡಿ. ಎಳೆದುಕೊಂಡು ಮೆಲ್ಲಗೆ ಬಂದರೆ ಹಳೆ ಎಣ್ಣೆ ಗಟ್ಟಿಯಾಗಿ ಅಂಟಿದೆ. ತೆಳು ಎಣ್ಣೆ ಬಿಟ್ಟು, ಆಡಿಸಿ, ಜಿಡ್ಡು ಒರೆಸಿ. ಹೆಚ್ಚಾಗಿ ಇಷ್ಟೇ ಸಾಕು. ಎಣ್ಣೆ ಜಾಸ್ತಿಯಾದರೆ ಹಿಡಿಯ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ, ಹುಷಾರು.

ಲಿವರ್ ಎರಡೂ ಕಡೆ ಬಿಗಿಯೇ ಇಲ್ಲದೆ ಸುಮ್ನೆ ಆಡಿದರೆ ಸ್ಪ್ರಿಂಗ್ ಮುರಿದಿದೆ. ಅದು ಕೋವಿ ರಿಪೇರಿಯವರ ಕೆಲಸ. ಮಾಮೂಲಿ ಸ್ಕ್ರೂಡ್ರೈವರ್ ಹಾಕಬೇಡಿ, ಆ ಸ್ಕ್ರೂಗಳ ಸೀಳು ಬಹಳ ಕಿರಿದು, ಜಾರಿದರೆ ಕೆತ್ತನೆ ಹಾಳು. ಮುಚ್ಚಿದಾಗ ಲಿವರ್ ಮಧ್ಯದಿಂದ ತುಸು ಬಲಕ್ಕೆ, ಆದರೆ ಬಿಗಿಯಾಗಿ ನಿಂತರೆ ಚಿಂತೆಯಿಲ್ಲ. ಎಡಕ್ಕೆ ದಾಟಿದ್ದರೆ ಬೋಲ್ಟ್ ಸವೆದಿರಬಹುದು, ಅದನ್ನೂ ಅವರಿಗೇ ತೋರಿಸಿ.